ಶೆಲ್ಫಿಗೆ ಹಾಸಿದ್ದ ಮೂರನೇ ಅಧ್ಯಾಯ

ಅಮ್ಮಾ,

ಡಬ್ಬಿಗಳೆಲ್ಲ ನೆಲದ ಮೇಲಿವೆ. ಗಾಬರಿಯಾಗ್ಬೇಡ, ಕಳ್ಳರು ಬಂದಿಲ್ಲ, ನಾನೇ ಇಳಿಸಿದ್ದು.

ಈಗಷ್ಟೇ ನನ್ನ ಗೈಡ್ ಫೋನ್ ಮಾಡಿದ್ರು. ಥೀಸಿಸ್‌ನ ಜೋಗುಳದ ಅಧ್ಯಾಯ ಮೊದಲು ಬರೆದದ್ದೇ ಚೆನ್ನಾಗಿತ್ತಂತೆ, ತಿದ್ದಿ ತಿದ್ದಿ ಹಾಳು ಮಾಡಿದೀನಂತೆ. ಹಳೇದನ್ನೇ ಸೇರಿಸಿ ನಾಳೆ ಸಲ್ಲಿಸು ಅಂದ್ರು. ಸಲ್ಲಿಸು ಅಂದ್ರು ಕಣಮ್ಮಾ! ಕಂಪ್ಯೂಟರಲ್ಲಿ ಅದನ್ನ ಅಳಿಸಿಬಿಟ್ಟಿದ್ದೆ. ಉಳಿದಿದ್ದು ನೀನು ಶೆಲ್ಫಿಗೆ ಹಾಸಿದ್ದ ಪ್ರತಿ ಒಂದೇ. ಎಣ್ಣೆ ಡಬ್ಬಿ ಕೆಳಗಿದ್ದ ಹಾಳೆ ಕೂಡ ಬೆಳಕಿಗೆ ಹಿಡಿದ್ರೆ ಓದಕ್ಕೆ ಬರುತ್ತೆ. ಎಲ್ಲಾ ಬಾಚ್ಕೊಂಡು ಟೈಪ್ ಮಾಡ್ಸಕ್ಕೆ ಓಡ್ತಿದೀನಿ.

ಅವತ್ತು ಹಾಸುವಾಗ ಇದನ್ನೇ ಓದ್ತಾ ನಿಂತು ಹಾಲು ಉಕ್ಕಿಸಿದ್ದೆ ನೀನು. ನಾನು ರೇಗಿದ್ದೆ. ನಿನ್ನನ್ನೇ ಗೈಡ್ ಮಾಡ್ಕೋಬೇಕಿತ್ತು.

ತಿದ್ದಿದ ಅಧ್ಯಾಯ ಮೇಜಿನ ಮೇಲಿದೆ, ಶೆಲ್ಫಿಗೆ ಹಾಸ್ಕೋ. ಈ ಸಲ ಹಾಲು ಉಕ್ಕೋ ಭಯ ಇಲ್ಲ.