ಗೀರಿಲ್ಲದ ರೆಕಾರ್ಡು

ಕಾರ್ಮಿನ್ ಅಣ್ಣಾ,

ನಿನ್ನ ವಿಳಾಸ ಗೊತ್ತಿಲ್ಲದೆಯೂ ಬರೆಯುತ್ತಿದ್ದೇನೆ. ನೀನು ಅಪ್ಪನ ಜೊತೆ ಜಗಳವಾಡಿ ಪಿಟ್ಸ್‌ಬರ್ಗ್ ಬಿಟ್ಟ ದಿನ, ಯುದ್ಧ ಮುಗಿಸಿ ಬಂದ ವರ್ಷ ನೀನೇ ಕೊಂಡಿದ್ದ ಕ್ರಿಸ್ಮಸ್ ರೆಕಾರ್ಡನ್ನೂ ಒಯ್ದೆ. ಅಂದಿನಿಂದ ಈ ಮನೆಯಲ್ಲಿ ಹಬ್ಬದ ಹಾಡಿರಲಿಲ್ಲ. ನಿನ್ನ ಹೆಸರನ್ನೂ ಯಾರೂ ಎತ್ತುವಂತಿರಲಿಲ್ಲ.

ನಿನ್ನೆ, ಹಬ್ಬದ ಹಿಂದಿನ ಸಂಜೆ, ನಾನು ಅದೇ ರೆಕಾರ್ಡಿನ ಹೊಸ ಪ್ರತಿ ಕೊಂಡು ತಂದು ಹಾಕಿದೆ. ಉಪ್ಪುಮೀನು ಕರಿಯುತ್ತಿದ್ದ ಅಮ್ಮ ಗಾಯಕನ ಬೆಣ್ಣೆಯಂಥ ದನಿ ಕೇಳಿ, "ಇವನಿಗೆ ಮಾತ್ರ ವಯಸ್ಸೇ ಆಗಲ್ಲ ನೋಡೇ!" ಎಂದು ನಕ್ಕಳು. ಅಪ್ಪ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

ನಮ್ಮ ಹಳೆಯ ರೆಕಾರ್ಡಿನ ಎರಡನೆಯ ಹಾಡಿನಲ್ಲಿ ಗ್ರಾಮಫೋನಿನ ಮುಳ್ಳು ಗೀರಿಗೆ ಸಿಕ್ಕಿಕೊಳ್ಳುತ್ತಿತ್ತಲ್ಲ, ನೀನು ನೆಲಕ್ಕೆ ಕಾಲು ಬಡಿದು ಅದನ್ನು ಮುಂದಕ್ಕೆ ಹಾರಿಸುತ್ತಿದ್ದೆಯಲ್ಲ, ಆ ಜಾಗ ಬಂತು. ಪತ್ರಿಕೆಯ ಹಿಂದಿನಿಂದ ಧಡ್ ಎಂದು ಸದ್ದಾಯಿತು. ಕಾಲು ಬಡಿದವನು ಅಪ್ಪ.

ಹಾಡು ತಡೆಯಿಲ್ಲದೆ ಸಾಗಿತು. ಇಷ್ಟು ವರ್ಷ ನಾವ್ಯಾರೂ ಕೇಳಿರದ ಒಂದು ಸಾಲು ಬಂತು. ಅಮ್ಮ ಒಲೆ ಆರಿಸಿದಳು.

"ತೆಗಿಯೇ ಅದನ್ನ, ಸರಿಯಿಲ್ಲ ಅದು," ಎಂದ ಅಪ್ಪ.

"ಹೊಸದಪ್ಪಾ, ಚೆನ್ನಾಗೇ ಇದೆಯಲ್ಲ."

ಅಪ್ಪ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡ.

"ಚೆನ್ನಾಗಿರೋದು ಅವನ ಹತ್ರ ಇದೆ."

ನಿನ್ನ ತಂಗಿ,
ಕೊನ್ಸೆಟ್ಟಾ