ಚಂದನಳ ಸಿಂಬಿಡಿಯಂ

ಆಗಸ್ಟ್ 19, ಬೆಳಿಗ್ಗೆ
ನೈಟ್ ಶಿಫ್ಟ್ ಮುಗೀತು. ನರಸಾಪುರದಿಂದ ಕೋಲಾರದವರೆಗೂ ಕಂಪನಿ ಬಸ್‌ನಲ್ಲಿ ನಿದ್ದೆ. ಸ್ಟಾಪ್ ದಾಟಿಹೋಗಿತ್ತು, ವಾಪಸ್ ನಡೆದೆ. ಬಂದವನೇ ಟೆರೇಸ್ ಹತ್ತಿ ಗಿಡಕ್ಕೆ ಒಂದು ಚೊಂಬು ನೀರು.

ಸಿಂಬಿಡಿಯಂ ಎನ್ನುವ ಆರ್ಕಿಡ್. ಬಸುರಿಯಾಗಿದ್ದಾಗ ಹೆಂಡತಿ ಚಂದನ ಆನ್‌ಲೈನ್‌ನಲ್ಲಿ ತರಿಸಿದ್ದು. ಆರನೇ ತಿಂಗಳಲ್ಲಿ ಮಗು ಹೋಯಿತು. ಅವಳು ಕ್ಯಾಲನೂರಿಗೆ, ತವರಿಗೆ. ಗಿಡ ನನ್ನ ಪಾಲಿಗೆ. ಟೊಮೆಟೊ ಗೊತ್ತು, ರಾಗಿ ಗೊತ್ತು. ಇದರ ಗಂಧಗಾಳಿ ಇಲ್ಲ.

ಆಗಸ್ಟ್ 28
ಫೋನ್ ಮಾಡಿದೆ. ಮಾವ ಶ್ರೀರಾಮಪ್ಪ ಎತ್ತಿದರು. "ಮಲಗವ್ಳೆ ಕಣಪ್ಪಾ ಮುನಿಕೃಷ್ಣಾ. ಯಾರ ಜೊತೇನೂ ಮಾತಿಲ್ಲ. ಗಿಡ ಹೆಂಗೈತೆ ಅಂತ ಮಾತ್ರ ಕೇಳ್ತಾಳೆ."
ಚೆನ್ನಾಗಿದೆ ಎಂದೆ. ನಾನು ಹೇಗಿದ್ದೇನೆ ಅಂತ... ಇರಲಿ.

ಸೆಪ್ಟೆಂಬರ್ 12
ಕೋತಿಗಳು ಕುಂಡ ಉರುಳಿಸಿ ಒಡೆದಿವೆ. ಒಳಗೆ ಮಣ್ಣೇ ಇಲ್ಲ — ಬರೀ ತೊಗಟೆ ಚೂರು, ಇದ್ದಿಲು. ಮಾರಿದವರು ಮೋಸ ಮಾಡಿದ್ದಾರೆ ಅನ್ನಿಸಿತು. ಪಕ್ಕದ ಸೈಟಿನ ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ಬಕೆಟ್‌ನಲ್ಲಿ ನೆಟ್ಟೆ. ಬೆಳಿಗ್ಗೆ ಸಂಜೆ ನೀರು. ಇನ್ನೇನು ಮಾಡಲಿ?

ಅಕ್ಟೋಬರ್ 21, ಮಧ್ಯಾಹ್ನ
ಎಲೆ ಹಳದಿ. ಬುಡದ ಗೆಡ್ಡೆ ಒತ್ತಿದರೆ ಮೆತ್ತಗೆ. ನಾತ. ನಿದ್ದೆ ಬಿಟ್ಟು ಯೂಟ್ಯೂಬ್ ನೋಡಿದೆ. ಬೇರಿಗೆ ಗಾಳಿ ಬೇಕಂತೆ. ಮಣ್ಣು ಹಾಕಲೇಬಾರದಂತೆ. ನೀರು ನಿಲ್ಲಬಾರದಂತೆ.

ಅಷ್ಟರಲ್ಲೇ ಚಂದನಳ ಮೆಸೇಜ್, ಹೋದಮೇಲೆ ಮೊದಲ ಸಲ — ಗಿಡದ ಫೋಟೊ ಕಳಿಸು.
ಹಳೇ ಫೋಟೊ ಇತ್ತು. ಹಸಿರಾಗಿದ್ದಾಗಿನದು. ಬೆರಳು ಅಲ್ಲಿಗೇ ಹೋಯಿತು. ಬೇಡ ಅನ್ನಿಸಿತು. ಇವತ್ತಿನದೇ ತೆಗೆದು ಕಳಿಸಿದೆ.

ಸಂಜೆ
ಅವಳೇ ಫೋನ್ ಮಾಡಿದಳು.
"ಮಣ್ಣಲ್ಲಿ ಹೂತಿದ್ದೀಯಾ ಅದನ್ನ? ಬುದ್ಧಿ ಐತಾ ನಿಂಗೆ? ನನ್ನ ಒಂದ್ ಮಾತು ಕೇಳಿದ್ಯಾ? ಕೇಳ್ದೇನೇ ಎಲ್ಲಾ ಹೂತ್‌ಬಿಡ್ತೀಯ ನೀನು."
ಕೊನೆಯದು ಗಿಡದ ಮಾತಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗುವ ಮೊದಲೇ ಮಗುವನ್ನು ಒಯ್ದು ಹೂತಿದ್ದೆವು. ತಾಯಿಗೆ ತೋರಿಸಬಾರದು ಎಂದರು ಹಿರಿಯರು. ನಾನು ಹೂಂ ಅಂದೆ.
ಬೈದಳು. ಬೈಯುತ್ತಲೇ ಅತ್ತಳು. ಫೋನ್ ಇಡಲು ಮನಸ್ಸಾಗಲಿಲ್ಲ. ಶಿಫ್ಟ್ ಬಸ್ ತಪ್ಪಿತು.

ಅಕ್ಟೋಬರ್ 27, ಭಾನುವಾರ
ಬಂದಳು. ಸೊರಗಿಹೋಗಿದ್ದಾಳೆ. ಬಟ್ಟೆ ತಂದಿಲ್ಲ, ಕೈಯಲ್ಲಿ ತೊಗಟೆ ಚೂರಿನ ಕವರ್ ಮಾತ್ರ. ಟೆರೇಸ್‌ನಲ್ಲಿ ಕೂತು ಬೇರು ತೊಳೆದೆವು. ಕೊಳೆತದ್ದನ್ನೆಲ್ಲ ಕತ್ತರಿಸಿದಳು. ಗಟ್ಟಿ ಗೆಡ್ಡೆ ಉಳಿದದ್ದು ಎರಡೇ.
"ಈ ವರ್ಷ ಹೂ ಬರಲ್ಲ. ಬದುಕಿದ್ರೆ ಸಾಕು."
ಕತ್ತರಿ ಕೆಳಗಿಡಲಿಲ್ಲ. ನನ್ನ ಕಡೆ ನೋಡದೆ ಕೇಳಿದಳು.
"ಮಗು ಯಾವ್ದು?"
"ಹೆಣ್ಣು."
"ಯಾರ್ ಥರ ಇತ್ತು?"
"ಮೂಗು ನಿಂದೇ."
ಹೊಸ ಕುಂಡಕ್ಕೆ ತೊಗಟೆ ತುಂಬಿದಳು. ಬೆರಳಿಂದ ಒತ್ತಿದಳು, ಒತ್ತುತ್ತಲೇ ಇದ್ದಳು.
"ಎಲ್ಲಿ ಇಟ್ರಿ? ನಾನ್ ನೋಡ್ಬೇಕು."
ವಕ್ಕಲೇರಿಯಲ್ಲಿ, ನಮ್ಮ ರಾಗಿ ಹೊಲದ ಬದುವಿನಲ್ಲಿ ಎಂದೆ. ನಾಳೆ ಹೋಗೋಣ ಎಂದಳು.

ಅಕ್ಟೋಬರ್ 28, ಬೆಳಿಗ್ಗೆ
ಕ್ಯಾಲನೂರಿಗೆ ಹೋಗಲಿಲ್ಲ ಅವಳು. ಇಬ್ಬರಿಗೂ ನಿದ್ದೆಯಿಲ್ಲ. ಮೈಕೈ ಭಾರ. ರಜಾ ಕೇಳಿದೆ. ಸೂಪರ್‌ವೈಸರ್ ಉಮೇಶ್ ಗೊಣಗಿದ — ಗೊಣಗಲಿ.

ಮಗುವನ್ನು ಇಟ್ಟ ಜಾಗಕ್ಕೆ ಗುರುತಿಗೆ ಒಂದು ಕಲ್ಲು ಕೂಡ ಇಟ್ಟಿಲ್ಲ. ಈಗ ರಾಗಿ ಸೊಂಟದೆತ್ತರ ನಿಂತಿರುತ್ತೆ. ಗುರುತು ಸಿಗದಿದ್ದರೆ? ಅವಳಿಗೆ ಏನೆಂದು ಹೇಳಲಿ... ಸಿಗುತ್ತೆ. ಹುಡುಕುತ್ತೇನೆ.

ಚಂದನ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. "ಏನ್ ಬರೀತಾ ಕೂತಿದ್ದೀಯ? ಬಿಸಿಲಾಗುತ್ತೆ, ಬಾ."
ಬಂದೆ. ಇಷ್ಟು ಮುಗಿಸಿ—