ದುಂಡು ಕೋಣೆಯ ಮನೆ

ವಿಕ್ಸಮ್, ಮಿಶಿಗನ್
೧೮ ಮಾರ್ಚ್ ೨೦೦೯, ಬುಧವಾರ ಮಧ್ಯಾಹ್ನ

ನನ್ನ ಬಂಗಾರ ಸುಚೀ,

ಅಮ್ಮನ ಆಶೀರ್ವಾದ ಮೊದಲು ತಗೋ, ಬೈಗುಳ ಆಮೇಲೆ. ಹೇಗಿದೀಯಾ? ಕೆಮ್ಮು ಹೋಯ್ತಾ? ಕೇಳಿದ್ರೆ ‘ಹೋಯ್ತಮ್ಮ’ ಅಂತೀಯ, ಹೋಯ್ತಮ್ಮ ಅನ್ನೋಷ್ಟರಲ್ಲೇ ಎರಡು ಸಲ ಕೆಮ್ಮಿರ್ತೀಯ. ಕಷಾಯದ ಪುಡಿ ನಿನ್ನ ನೀಲಿ ಬ್ಯಾಗಿನ ಪಕ್ಕದ ಜೇಬಲ್ಲಿ ಹಾಕಿದೀನಿ, ಇನ್ನೂ ಅಲ್ಲೇ ಇರುತ್ತೆ, ನನಗೆ ಗೊತ್ತು. ಲೊಂಬಾರ್ಡಿನ ಆ ಅಪಾರ್ಟ್‌ಮೆಂಟಲ್ಲಿ ನಿನ್ನ ಜೊತೆಗಿರೋ ಹುಡುಗೀರು ಬಾಗಿಲು ಸರಿಯಾಗಿ ಹಾಕ್ಕೋತಾರಾ? ಬೆಳಿಗ್ಗೆ ಲಿಸ್ಲಿನ ಆಫೀಸಿಗೆ ಹೋಗುವಾಗ ರಸ್ತೆ ಮೇಲೆ ಕಣ್ಣಿಗೆ ಕಾಣದ ಐಸ್ ಇರುತ್ತಂತೆ, ಟೀವಿಯಲ್ಲಿ ಹೇಳಿದ್ರು. ಕಾಣದೇ ಇರೋದನ್ನ ನೋಡ್ಕೊಂಡು ಓಡಿಸಿ ಅಂತ ಹೇಳ್ತಾರಲ್ಲ, ಇವರಿಗೇನು ಬುದ್ಧಿ. ನೀನಂತೂ ನಿಧಾನವಾಗಿ ಹೋಗು. ಊಟ ಬಿಡ್ಬೇಡ.

ಫೋನಿದ್ದೂ ಅಮ್ಮ ಯಾಕೆ ಕಾಗದ ಬರೆದ್ಳು ಅಂತ ನಿನ್ನ ಎದೆ ಧಸಕ್ ಅಂದಿರುತ್ತೆ. ಎಲ್ಲರೂ ಚೆನ್ನಾಗಿದೀವಿ, ಇಂಚರನ ಹಲ್ಲುನೋವೂ ಹೋಯ್ತು, ನಿನ್ನ ಮಗಳು ಮತ್ತೆ ಚಕ್ಕುಲಿ ಕಡೀತಿದಾಳೆ. ನಿನ್ನ ಫೋನು ಬಂದ್ರೆ ಶ್ರೀಹರಿಯವರು ಸ್ಪೀಕರಿಗೆ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಿಡ್ತಾರೆ, ಎಲ್ಲರಿಗೂ ನಿನ್ನ ದನಿ ಕೇಳ್ಲಿ ಅಂತ. ಒಳ್ಳೇ ಮನಸ್ಸಿಂದಲೇ ಮಾಡೋದು. ಆದ್ರೆ ಅಳಿಯನ ಮುಂದೆ ಮಗಳ ಹತ್ರ ಏನು ಅಂತ ಮಾತಾಡ್ಲಿ? ಹುಳಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹೇಳಿ ಫೋನು ಇಡೋದಾಗುತ್ತೆ. ಅದಕ್ಕೇ ಬರೀತಿದೀನಿ. ನಿನ್ನ ಅಡ್ರೆಸ್ಸು ಇಂಚರ ಬರೆದುಕೊಟ್ಟಿದಾಳೆ. ನನ್ನ ಓದು ಏಳನೇ ಕ್ಲಾಸಿಗೆ ನಿಂತಿದ್ದು ನಿನಗೆ ಗೊತ್ತಲ್ಲ, ನಮ್ಮಪ್ಪ ಕೆಲಸಕ್ಕಿದ್ದ ಮಿಲ್ಲು ಮುಚ್ಚಿದ ವರ್ಷ ಮಿಲ್ಲಿನ ಸ್ಕೂಲೂ ಮುಚ್ಚಿತು. ಒತ್ತಕ್ಷರ ತಪ್ಪಿದ್ರೆ ಸರಿಮಾಡಿ ಓದ್ಕೋ, ಒಂದು ಮಾತು ಎಲ್ಲಿ ಮುಗೀತು ಅಂತ ಗೊತ್ತಾಗದಿದ್ರೆ ಉಸಿರು ಸಾಕಾದಲ್ಲಿ ನಿಲ್ಲಿಸು.

ವಿಷಯ ಮಿಲ್‌ಫರ್ಡಿನ ಆ ಮನೇದು. ಮೊನ್ನೆ ಶನಿವಾರ ನೀನು ಬಂದಿದ್ದಾಗ ನಿನ್ನನ್ನೂ ಕರ್ಕೊಂಡು ಹೋದ್ರಲ್ಲ. ಆಫೀಸಿನ ಫೋನು ಅಂತ ನೀನು ಕಾರಲ್ಲೇ ಕೂತೆ, ಒಳಗೆ ಬರಲೇ ಇಲ್ಲ. ವಾಪಸ್ ಬರ್ತಾ ‘ಚೆನ್ನಾಗಿದೆ’ ಅಂದೆ. ನೋಡದೇ ಹೇಗೆ ಚೆನ್ನಾಗಿದೆ ಅಂದ್ಯೋ ತಾಯಿ. ಯುಗಾದಿಗೆ ಬಂದಾಗ ಆ ಮನೆ ಕೊಳ್ಳೋ ಕಾಗದಕ್ಕೆ ನೀನು ಸೈನ್ ಹಾಕ್ಬೇಕಂತೆ. ಈಗ ಕೆಲಸ ಅಂತ ಇರೋದು ನಿನಗೊಬ್ಬಳಿಗೇ, ನಿನ್ನ ಸೈನಿಲ್ಲದೆ ಬ್ಯಾಂಕಿನವರು ಕಾಗದ ಮುಟ್ಟೋಲ್ಲವಂತೆ. ಹಾಕೋ ಮೊದಲು ಆ ಮನೆ ಏನು, ಅದರ ಮುಂದೆ ಏನು ನಡೀತಿದೆ ಅಂತ ನಿನಗೆ ಗೊತ್ತಿರ್ಬೇಕು.

ನೀನು ಕೆಲಸಕ್ಕೆ ಅಂತ ಷಿಕಾಗೋ ಕಡೆ ಹೋದ ಹೊಸದರಲ್ಲಿ ಶ್ರೀಹರಿಯವರು ಬೆಳಗಿಂದ ಸಂಜೆವರೆಗೂ ಕಂಪ್ಯೂಟರ್ ಮುಂದೇನೇ. ‘ಅಪ್ಲೈ ಮಾಡಿದೀನಿ ಅತ್ತೆ’ ಅನ್ನೋದೊಂದೇ ಮಾತು. ಕಾರಿನ ಪಾರ್ಟ್ಸು ಮಾಡೋ ಕಂಪನಿಗಳೆಲ್ಲ ಸಾಲಾಗಿ ಜನರನ್ನ ಮನೆಗೆ ಕಳಿಸ್ತಿರೋವಾಗ ಇವರನ್ನ ಮಾತ್ರ ಯಾರು ಕರೀತಾರೆ? ಗಡ್ಡ ತೆಗೆಯೋದೂ ಬಿಟ್ಟಿದ್ರು. ಆಮೇಲೊಂದು ಶನಿವಾರ ಇದ್ದಕ್ಕಿದ್ದಂಗೆ ‘ಏಳಿ ಅತ್ತೆ, ಮಿಲ್‌ಫರ್ಡಲ್ಲಿ ಹಳೇ ಮನೆಗಳಿವೆ, ನೋಡ್ಕೊಂಡು ಬರೋಣ, ಹೊರಗಿಂದ ನೋಡೋಕೆ ಟಿಕೆಟ್ಟಿಲ್ಲ’ ಅಂದ್ರು. ನಾನು ಆ ಹೆಸರು ಕೇಳಿ ಇದೂ ಫೋರ್ಡ್ ಕಾರಿನವರ ಮಿಲ್ಲು ಅಂದ್ಕೊಂಡು ‘ಕೆಲಸ ಏನಾದ್ರೂ ಖಾಲಿ ಇದೆಯಾ ಕೇಳಿ’ ಅಂದೆ. ಇಂಚರ ನಕ್ಕು ನಕ್ಕು ಸೀಟಿಂದ ಜಾರಿದ್ಳು. ಹೊಳೆ ದಾಟೋ ಜಾಗಕ್ಕೂ ಇಂಗ್ಲಿಷಲ್ಲಿ ಫೋರ್ಡ್ ಅಂತಾರಂತೆ. ಹೊಳೆ ದಾಟೋ ಕಡೆ ಮಿಲ್ಲಿತ್ತು, ಅದಕ್ಕೇ ಆ ಹೆಸರು. ಈಗ ಹೊಳೆ ಇದೆ, ಮಿಲ್ಲಿಲ್ಲ.

ಆದ್ರೆ ಮನೆಗಳು ಇವೆ ಸುಚೀ. ಮಿಲ್ಲು ನಡೆಸ್ತಿದ್ದವರು, ದಿನಸಿ ಮಾರ್ತಿದ್ದವರು, ಡಾಕ್ಟರು, ಹೀಗೆ ದುಡ್ಡಿದ್ದವರು ಕಟ್ಟಿಸಿದ್ದಂತೆ. ಚೂಪು ಚೂಪು ಸೂರು, ಸೂರಿನ ಅಂಚಿಗೆಲ್ಲ ಮರದಲ್ಲಿ ಕೊರೆದ ಲೇಸು, ಮದುವಣಗಿತ್ತಿ ರವಿಕೆ ತೋಳಿಗೆ ಇಟ್ಟಂಗೆ. ಒಂದು ಮನೆಗೆ ಗಿಳಿಹಸಿರು, ಪಕ್ಕದ್ದಕ್ಕೆ ಕುಂಕುಮದ ಬಣ್ಣ. ಬೀದಿಗೆ ಮುಖಮಾಡಿ ಕೂರೋಕೆ ಜಗಲಿ. ನಮ್ಮ ಸಬ್‌ಡಿವಿಷನ್ ಅನ್ನೋ ಬಡಾವಣೆಯಲ್ಲಿ ಬೀದಿಗೆ ಕಾಣೋದು ಕಾರಿನ ಗ್ಯಾರೇಜು ಮಾತ್ರ, ಮನುಷ್ಯರು ಕೂರೋ ಜಾಗ ನಾನು ಈ ದೇಶದಲ್ಲಿ ಮೊದಲು ಕಂಡಿದ್ದು ಅಲ್ಲೇ. ಇವಕ್ಕೆ ವಿಕ್ಟೋರಿಯನ್ ಮನೆ ಅಂತಾರೆ ಅಂದ್ರು. ವಿಕ್ಟೋರಿಯಾ ಅಂದ್ರೆ ನನಗೆ ನಿಮ್ಮಪ್ಪನ ಕಾಲಿಗೆ ಪ್ಲಾಸ್ಟರ್ ಹಾಕಿದ ಆಸ್ಪತ್ರೆ ಅಷ್ಟೇ. ‘ರಾಣಿ ಇವರನ್ನೂ ಆಳಿದ್ಲಾ?’ ಅಂದೆ. ‘ಇಲ್ಲ ಅತ್ತೆ, ಅವಳ ತಾತನ್ನೇ ಇವರು ಓಡಿಸಿದ್ರು, ಆಮೇಲೆ ಅವಳ ಹೆಸರು ಮಾತ್ರ ಮನೆಗೆ ಇಟ್ಕೊಂಡ್ರು’ ಅಂತ ನಕ್ಕರು. ಅವರು ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತು. ಅದಕ್ಕೇ ಪ್ರತಿ ಶನಿವಾರ ‘ಹೋಗೋಣ’ ಅಂದಾಗ ನನ್ನ ಮಂಡಿ ನೋವಿದ್ರೂ ಬೇಡ ಅನ್ನಲಿಲ್ಲ.

ನಮ್ಮ ಮಿಲ್ಲಿನ ಮ್ಯಾನೇಜರ್ ಬಂಗಲೆಯನ್ನ ನಾನು ಕಾಂಪೌಂಡಿನ ಸಂದಿಯಿಂದ ನೋಡಿದವಳು. ನಮ್ಮದು ಲೈನ್ ಮನೆ, ಒಂದು ಕೋಣೆ, ಬೀದಿ ಕೊಳಾಯಿ. ಅಂಥ ಬಂಗಲೆ ಒಳಗೆ ಕಾಲಿಟ್ಟಿದ್ದು ಐವತ್ತೆಂಟನೇ ವಯಸ್ಸಲ್ಲಿ, ಮಿಲ್‌ಫರ್ಡಲ್ಲಿ, ಅದೂ ಮನೆಯವರು ಕಳ್ಕೊಂಡ ಮೇಲೆ. ಈಗ ಕೊಳ್ಳೋಕೆ ಹೊರಟಿರೋದು ಅದೇ ಮನೆ, ಸಾಲಕ್ಕೆ ಬ್ಯಾಂಕಿನವರು ತಗೊಂಡು ಬೋರ್ಡು ಹಾಕಿದ್ರು, ಬಾಗಿಲು ತೆಗೆದಿತ್ತು, ಯಾರು ಬೇಕಾದ್ರೂ ಒಳಗೆ ಹೋಗಿ ನೋಡಬಹುದು ಅಂತ ಮನೆ ಮಾರೋ ಏಜೆಂಟ್ ಹೆಂಗಸು ನಿಂತಿದ್ಲು. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಹೊಸ್ತಿಲು. ನಿಜವಾದ ಮರದ ಹೊಸ್ತಿಲು, ಎತ್ತರದ್ದು, ನಡುವೆ ಸವೆದು ಬಟ್ಟಲಾಗಿತ್ತು. ಕೈ ತಾನಾಗಿ ಹೋಯ್ತು, ಮುಟ್ಟಿ ಕಣ್ಣಿಗೊತ್ಕೊಂಡು ದಾಟಿದೆ. ಒಳಗೆ ಉಗ್ರಾಣ ಇದೆ, ಕೆಲಸದವರು ಹತ್ತೋಕೇ ಅಂತ ಹಿಂದುಗಡೆ ಬೇರೆ ಮೆಟ್ಟಿಲಿದೆ, ಮೇಲೆ ಮೂಲೆಯಲ್ಲಿ ದುಂಡನೆಯ ಕೋಣೆ, ಸುತ್ತ ಕಿಟಕಿ. ಸೂರು ಸೋರುತ್ತೆ, ಅದನ್ನೂ ಬರೀತೀನಿ, ಆಮೇಲೆ ಹೇಳಲಿಲ್ಲ ಅನ್ಬೇಡ.

ನಾನು ಹೊಸ್ತಿಲು ಮುಟ್ಟಿದ್ದನ್ನ ಒಬ್ಬರು ನೋಡ್ತಾ ನಿಂತಿದ್ರು. ಲೊರೇನ್ ಅಂತ, ನನಗಿಂತ ಹತ್ತು ವರ್ಷ ದೊಡ್ಡವರು. ಅವರದೇ ಮನೆ. ಅಡುಗೆಮನೆ ಪರದೆ ಮರ್ತುಹೋಗಿತ್ತಂತೆ, ಬಿಚ್ಚಿಕೊಂಡು ಹೋಗೋಕೆ ಬಂದಿದ್ರು. ಮದುವೆಯಾಗಿ ಬಂದ ಮನೆ, ಗಂಡ ಹೋಗಿ ಎರಡು ವರ್ಷ, ಈಗ ತಂಗಿ ಮನೆಯ ನೆಲಮಾಳಿಗೆಯಲ್ಲಿ ಇದಾರೆ. ಇದೆಲ್ಲ ಅವರು ಇಂಗ್ಲಿಷಲ್ಲಿ ಹೇಳಿದ್ದು, ಶ್ರೀಹರಿಯವರು ಕನ್ನಡದಲ್ಲಿ ಹೇಳೋ ಮೊದಲೇ ನನಗೆ ಅರ್ಥ ಆಗಿತ್ತು. ಪರದೆ ಮಡಿಸಿ ಕಂಕುಳಲ್ಲಿಟ್ಕೊಂಡು, ಬಾಗಿಲ ಚೌಕಟ್ಟು ಸವರಿ, ‘ಸರಿ, ಹೋಗ್ತೀನಿ’ ಅಂದ್ರು. ನಮಗೆ ಅಂದಿದ್ದಲ್ಲ, ಮನೆಗೆ. ನನ್ನ ಕೈಯಲ್ಲಿ ತಡೆಯೋಕೆ ಆಗ್ಲಿಲ್ಲ ಸುಚೀ. ಮನೆ ಬಾಗಿಲಲ್ಲಿ ನಿಂತು ಹೋಗ್ತೀನಿ ಅನ್ನೋದಾ, ಅಶ್ವಿನಿ ದೇವತೆಗಳು ಅಸ್ತು ಅಂದ್ರೆ? ‘ಇಂಚರ, ಹೇಳೇ ಅವರಿಗೆ, ಹೋಗ್ತೀನಿ ಅನ್ಬಾರದು, ಬರ್ತೀನಿ ಅನ್ಬೇಕು’ ಅಂದೆ. ಮಗು ನಿಧಾನವಾಗಿ ಇಂಗ್ಲಿಷಲ್ಲಿ ಹೇಳ್ತು, ನಮ್ಮಲ್ಲಿ ಹೋಗೋರು ಬರ್ತೀನಿ ಅಂತಾನೇ ಹೇಳಿ ಹೋಗೋದು, ಅಂತ. ಅವರು ನನ್ನನ್ನೇ ನೋಡಿದ್ರು. ಆಮೇಲೆ ‘ಬಾರ್ಟೀನಿ’ ಅಂದ್ರು. ಇಂಚರ ತಿದ್ದಿದ್ಳು, ಮತ್ತೆ ಹೇಳಿದ್ರು, ನಕ್ಕರು, ಅತ್ತರು, ಹೋದ್ರು. ಏನೋ ಪುಣ್ಯದ ಕೆಲಸ ಮಾಡಿದೆ ಅಂತ ನಾನು ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮುಂದಿನ ಶನಿವಾರ ಹೋದ್ರೆ ಲೊರೇನ್ ಬಂದಿದ್ರು! ಎದುರುಗಡೆ ಕಾರು ನಿಲ್ಲಿಸ್ಕೊಂಡು, ಒಳಗೇ ಕೂತು, ಮನೆ ನೋಡ್ತಾ. ನನ್ನ ಕಂಡು ಗಾಜು ಇಳಿಸಿ ಕೈಯಾಡಿಸಿ ‘ಬಾರ್ಟೀನಿ’ ಅಂದ್ರು. ಅದಾದ ಮುಂದಿನ ವಾರವೂ. ಶ್ರೀಹರಿಯವರು ವಾರದ ನಡುವೆ ಜಗಲಿ ಅಳತೆ ತಗೊಳ್ಳೋಕೆ ಹೋದಾಗಲೂ ಇರ್ತಾರಂತೆ. ಮೊನ್ನೆ ನೀನು ಕೂತಿದ್ದ ಕಾರಿನ ಎದುರಿಗೇ ನಿಂತಿತ್ತಲ್ಲ ಬೂದು ಬಣ್ಣದ ಕಾರು, ಅವರೇ. ನೀವಿಬ್ಬರೂ ಒಂದೇ ಬೀದಿಯಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಕಾರಲ್ಲಿ ಕೂತಿದ್ದು ನೋಡಿ ನನಗೆ ಏನೋ ಸಂಕಟ ಆಯ್ತು. ಶ್ರೀಹರಿಯವರು ಹೋಗಿ ಅವರಿಗೆ ಫ್ಲಾಸ್ಕಿನ ಕಾಫಿ ಕೊಟ್ಟು ಬರ್ತಾರೆ. ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಬರ್ತೀನಿ ಅಂತ ಹೇಳಿಕೊಟ್ಟವಳು ನಾನೇ. ಬಂದಿದಾರೆ. ಬಂದವರನ್ನ ಒಳಗೆ ಬನ್ನಿ ಅನ್ನೋಕೆ ಮನೆ ನಂದಲ್ಲ, ಇನ್ನುಮೇಲೆ ಅವರದೂ ಅಲ್ಲ. ಲೈನ್ ಮನೆ ಖಾಲಿ ಮಾಡಿಸಿದ ದಿನ ನಮ್ಮಮ್ಮನೂ ಒಲೆಗೆ ಕೈಮುಗಿದು ಬರ್ತೀನಿ ಅಂದಿದ್ಳು. ಮತ್ತೆ ಆ ಬೀದಿಗೆ ಹೋಗೋ ಹೊತ್ತಿಗೆ ಗೋಡೆಯೇ ಇರಲಿಲ್ಲ. ಗೋಡೆ ಇದ್ದೂ ಹೊರಗೆ ಕೂರೋದು ಅದಕ್ಕಿಂತ ಕಷ್ಟ ಅಂತ ಈಗ ಗೊತ್ತಾಗ್ತಿದೆ.

‘ಇನ್ನೊಬ್ಬರ ಕಣ್ಣೀರು ಬಿದ್ದ ಹೊಸ್ತಿಲು, ನಮಗ್ಯಾಕೆ?’ ಅಂತ ಧೈರ್ಯ ಮಾಡಿ ಶ್ರೀಹರಿಯವರನ್ನ ಕೇಳಿದೆ. ‘ನಾವು ಬಿಟ್ರೆ ಬ್ಯಾಂಕಿನವರು ಅವರಿಗೆ ವಾಪಸ್ ಕೊಡ್ತಾರಾ ಅತ್ತೆ? ಬೇರೆ ಯಾರೋ ತಗೊಂಡು ಕೆಡವ್ತಾರೆ’ ಅಂದ್ರು. ಅದೂ ನಿಜವೇ. ಆಮೇಲೆ ಅವರು ಹೇಳಿದ್ದನ್ನ ನಿನಗೆ ಹೇಳ್ಬೇಕೋ ಬೇಡವೋ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ನೀನು ಅವರಿಗೆ, ನನಗೊಂದು ದುಂಡನೆಯ ಕೋಣೆ ಬೇಕು, ಮೂಲೆಯೇ ಇರಬಾರದು, ಮೂಲೆ ಇದ್ರೆ ಯಾರಾದ್ರೂ ಮುನಿಸಿಕೊಂಡು ಹೋಗಿ ಕೂರ್ತಾರೆ, ಅಂದಿದ್ಯಂತೆ. ತಮಾಷೆಗೆ ಅಂದಿದ್ದೋ ಏನೋ. ಅವರು ಮರ್ತಿಲ್ಲ. ‘ಸುಚೇತಾ ಬಂದ್ರೆ ಇಲ್ಲೇ ಏನಾದ್ರೂ ಕೆಲಸ ಹುಡುಕ್ತಾಳೆ ಅತ್ತೆ, ಮನೆ ಅಂತ ಇದ್ರೆ ಬರ್ತಾಳೆ’ ಅಂದ್ರು. ಬಂದ್ರೆ ಅಂದ್ರು ಸುಚೀ, ಬಂದಾಗ ಅನ್ನಲಿಲ್ಲ. ಈಗ ದಿನಾ ಗಡ್ಡ ತೆಗೀತಾರೆ. ಸೂರು ರಿಪೇರಿ ಮಾಡೋದು ಹೇಗೆ ಅಂತ ಲೈಬ್ರರಿಯಿಂದ ಪುಸ್ತಕ ತಂದು ಓದ್ತಾರೆ.

ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಮನೆ ತಗೋ ಅಂದ್ರೆ ಎದುರಿಗೆ ಆ ಕಾರು. ಬೇಡ ಅಂದ್ರೆ ಈ ಮನುಷ್ಯನಿಗೆ ಬೆಳಿಗ್ಗೆ ಎದ್ದೇಳೋಕೆ ಕಾರಣ ಅಂತ ಇರೋದೇ ಅದೊಂದು. ನನಗೂ ಮೇ ಕಳೆದ್ರೆ ವಾಪಸ್ ಹೊರಡೋದು. ಓದಿದವಳಲ್ಲ, ಕಾರು ಓಡಿಸೋಳಲ್ಲ, ಅಂಗಡಿಯಲ್ಲಿ ಹಾಲು ತಗೊಳ್ಳೋಕೂ ಇಂಚರ ಬೇಕು. ಅಡುಗೆ ಮಾಡ್ತೀನಿ, ಬಟ್ಟೆ ಮಡಿಸ್ತೀನಿ, ಕಿಟಕಿ ಹತ್ರ ನಿಂತು ಯೋಚಿಸ್ತೀನಿ. ಯೋಚಿಸಿದ್ರಿಂದ ಏನೂ ಆಗಲ್ಲ ಅಂತ ನಿಮ್ಮಪ್ಪ ಬೈತಿದ್ರು. ಅವರಿದ್ದಿದ್ರೆ ಬೈಯೋಕಾದ್ರೂ ಒಬ್ಬರಿರ್ತಿದ್ರು.

ಬರೋ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಯುಗಾದಿ. ಬೇವು ಇಲ್ಲಿ ಎಲ್ಲಿ ಸಿಗುತ್ತೆ, ಮೆಂತ್ಯ ಹಾಕಿ ಕಹಿ ಮಾಡ್ತೀನಿ. ಹೋಳಿಗೆಗೆ ಬೇಳೆ ತಂದಿಟ್ಟಿದೀನಿ. ರಜೆ ಸಿಗದಿದ್ರೆ ಶನಿವಾರವಾದ್ರೂ ಬಾ, ಹಬ್ಬವನ್ನ ಒಂದು ದಿನ ನಿಲ್ಲಿಸ್ಕೊಂಡ್ರೆ ದೇವರೇನೂ ಮುನಿಸಿಕೊಳ್ಳಲ್ಲ. ದೇವರು ನಿನ್ನ ಕೆಲಸ ಕಾಯಲಿ, ದಾರಿ ಕಾಯಲಿ, ಎಲ್ಲದಕ್ಕಿಂತ ಮೊದಲು ಆ ಕೆಮ್ಮಿನ ಎದೆ ಕಾಯಲಿ. ಜೊತೆಯ ಹುಡುಗೀರಿಗೂ ನನ್ನ ಆಶೀರ್ವಾದ ಹೇಳು.

ನಿನ್ನದೇ ಯೋಚನೆಯಲ್ಲಿರೋ
ಅಮ್ಮ
ಅನಸೂಯ

ಮರೆತಿದ್ದು: ಮರೆತಿದ್ದೇನಲ್ಲ, ಬರೆಯೋಕೆ ಕೈ ಬರಲಿಲ್ಲ. ಪೋಸ್ಟಿನವನು ಬರೋ ಹೊತ್ತಾಯ್ತು, ಬೇಗ ಬರೀತೀನಿ. ಭಾನುವಾರ ಹೊರಡುವಾಗ ನೀನು ಕಾರಿಂದಲೇ ‘ಅಮ್ಮ, ಹೋಗ್ತೀನಿ’ ಅಂದೆ. ‘ಹೋಗಿ ಬಾ’ ಅನ್ನೋಷ್ಟರಲ್ಲಿ ಗಾಜು ಏರಿತ್ತು. ನೀನು ಹುಟ್ಟಿದಾಗಿಂದ, ಬೀದಿ ಕೊನೆಯ ಅಂಗಡಿಗೆ ಕೊತ್ತಂಬರಿ ತರೋಕೆ ಹೋಗುವಾಗಲೂ ಹಾಗೆ ಅಂದವಳಲ್ಲ. ಶ್ರೀಹರಿಯವರು ನಿನ್ನ ಕಾರಿನ ಹಿಂದಿನ ಗಾಜು ಒರೆಸ್ತಿದ್ರು, ಕೇಳಿಸ್ತೋ ಇಲ್ವೋ ಗೊತ್ತಿಲ್ಲ, ನೀನು ಹೋದ ಮೇಲೂ ಒರೆಸೋ ಬಟ್ಟೆ ಹಿಡ್ಕೊಂಡು ನಿಂತೇ ಇದ್ರು. ಇಂಚರನಿಗೆ ಕೇಳಿಸಿದೆ. ‘ಅಜ್ಜಿ, ಲೊರೇನ್ ಸರಿಯಾಗಿ ಕಲಿತ್ರಲ್ಲ, ಅಮ್ಮಂಗೆ ಗೊತ್ತಿಲ್ವಾ?’ ಅಂದ್ಳು. ಅವಸರಕ್ಕೆ ಹಾಗೆ ಬಂದಿರುತ್ತೆ ಪುಟ್ಟಾ ಅಂದಿದೀನಿ. ಅವಸರಕ್ಕೇ ಬಂದಿದ್ರೆ ಅವಳಿಗೆ ಫೋನಲ್ಲಿ ನೀನೇ ಒಂದು ಸಲ ‘ಬರ್ತೀನಿ’ ಅಂತ ಹೇಳಿಬಿಡು, ಸ್ಪೀಕರಲ್ಲೇ ಹೇಳು. ಅಲ್ಲದಿದ್ರೆ ಆ ಕಾಗದಕ್ಕೆ ಸೈನ್ ಹಾಕ್ಬೇಡ ತಾಯಿ, ಬರದೇ ಇರೋರಿಗಾಗಿ ಇವರು ಸೂರು ಕಟ್ಟೋದನ್ನ ನಾನು ಹೇಗೆ ನೋಡ್ಲಿ.